ಹನ್ನೊಂದು ತಪ್ಪಿನ ಲ್ಯಾಪ್‌ಟಾಪ್

ಕುಕನೂರಿನ ದೇವೇಂದ್ರಪ್ಪನವರು ಯಾವುದನ್ನಾದರೂ ಬೈಯಲು ಶುರು ಮಾಡಿದರೆಂದರೆ ಅದರ ಮೇಲೆ ಅವರ ಮನಸ್ಸು ಬಿದ್ದಿದೆ ಎಂದೇ ಅರ್ಥ. ನಲವತ್ತು ವರ್ಷ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವರು ಅವರು. ಬೇಡವಾದ ಎತ್ತನ್ನು ಬಾಯಿತುಂಬ ಹೊಗಳುವರು. "ಏನ್ ಎತ್ತೋ ಮಾರಾಯಾ, ರಾಜರ ಮನ್ಯಾಗ ಇರಬೇಕಾದ್ದು" ಎಂದು ಅದರ ಬೆನ್ನು ತಟ್ಟಿ ಮುಂದಿನ ಗೂಟಕ್ಕೆ ಹೋಗುವರು. ಬೇಕಾದ ಎತ್ತು ಕಣ್ಣಿಗೆ ಬಿತ್ತೋ, ಮುಗಿಯಿತು. ಕೊಂಬು ಸೊಟ್ಟ, ಗೊರಸು ಸವೆದಿದೆ, ಸುಳಿ ನೆಟ್ಟಗಿಲ್ಲ, ಬಾಲದಲ್ಲಿ ಕೂದಲಿಲ್ಲ, ಕಣ್ಣಿನಲ್ಲಿ ನಿದ್ದೆ. ಸಂತೆಯವರಿಗೆಲ್ಲ ಇದು ಗೊತ್ತಿತ್ತು. ದೇವೇಂದ್ರಪ್ಪನವರು ಐದು ತಪ್ಪು ಎತ್ತಿ ಆಡಿದರೆ ಮಾರುವವನ ಮುಖ ಅರಳುತ್ತಿತ್ತು. ಆಮೇಲೆ ಅವರು ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗಳ ಮೇಲೂ ಹಾಸಿ, ಅದರಡಿಯಲ್ಲಿ ಬೆರಳು ಹಿಡಿದು ಒತ್ತಿ ದರ ತಿಳಿಸಿ, ಸುತ್ತ ನಿಂತವರಿಗೆ ಏನೂ ಗೊತ್ತಾಗದಂತೆ ವ್ಯಾಪಾರ ಕುದುರಿಸುತ್ತಿದ್ದರು.

ಈ ಚಾಳಿ ಸಂತೆಯಲ್ಲೇ ಉಳಿದಿದ್ದರೆ ನಾವು ಕಥೆ ಹೇಳುವ ಅಗತ್ಯ ಬರುತ್ತಿರಲಿಲ್ಲ. ಇರಕಲ್ಲಗಡಕ್ಕೆ ಹೆಣ್ಣು ನೋಡಲು ಹೋದಾಗ, ಹುಡುಗಿಯ ತಂದೆಯ ಎದುರಿನಲ್ಲೇ, "ಧ್ವನಿ ಸ್ವಲ್ಪ ಜೋರೈತಿ, ಎತ್ತರ ಕಡಿಮಿ, ಅವಲಕ್ಕಿಗೆ ಉಪ್ಪು ಜಾಸ್ತಿ" ಎಂದು ಮೂರು ತಪ್ಪು ಎಣಿಸಿಬಿಟ್ಟರು. ಮಾವನವರೂ ದನ ಕಟ್ಟಿದವರು. ನಕ್ಕು ಮುಹೂರ್ತ ಯಾವಾಗ ಎಂದು ಕೇಳಿದರು. ಹೆಂಡತಿಯಾಗಿ ಬಂದ ಕಳಕಮ್ಮನವರು ಮಾತ್ರ ಆ ಮೂರನ್ನೂ ಇಂದಿಗೂ ಮರೆತಿಲ್ಲ. ಧ್ವನಿಯನ್ನೂ ಎತ್ತರವನ್ನೂ ಬದಲಿಸಲಾಗದೆ ಹೋದರೂ, ಮೂವತ್ತೈದು ವರ್ಷಗಳಿಂದ ಗಂಡನ ಅವಲಕ್ಕಿಗೆ ಉಪ್ಪು ಹಾಕಿಲ್ಲ.

ಮಗಳು ಶಿವಲೀಲಾ ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿ ಬಂದಾಗ ಓಣಿಯವರು ಪೇಢೆ ಕೇಳಲು ಬಂದರು. "ಈ ವರ್ಷ ಪೇಪರ್ ಭಾಳ ಸರಳ ಇದ್ವಂತ್ರಿ" ಎಂದರು ದೇವೇಂದ್ರಪ್ಪನವರು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದಾಗ, "ಕಂಪ್ಯೂಟರ್ ಓದಿದೋರ್ನ ಯಾರೂ ಫೇಲ್ ಮಾಡೂದಿಲ್ಲಂತ" ಎಂದರು. ಹಾಗೆಂದು ಒಳಗೆ ಹೋಗಿ ದೇವರ ಗೂಡಿನ ಮುಂದೆ ಹತ್ತು ನಿಮಿಷ ಕೈಮುಗಿದು ನಿಂತದ್ದನ್ನು ಕಳಕಮ್ಮನವರು ನೋಡಿದ್ದಾರೆ. ಶಿವಲೀಲಾ ನೋಡಿಲ್ಲ.

ಶಿವಲೀಲಾಗೆ ಈಗ ಇಪ್ಪತ್ತಮೂರು. ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ, ಉಳಿದ ಹೊತ್ತಿನಲ್ಲಿ ಪ್ರೋಗ್ರಾಮು ಬರೆಯುತ್ತಾಳೆ. ಬರೆಯುವುದು ಸೋದರಮಾವನ ಮಗ ಬಳಸಿ ಬಿಟ್ಟಿದ್ದ ಒಂದು ಪುಟ್ಟ ಲ್ಯಾಪ್‌ಟಾಪಿನ ಮೇಲೆ. ಅದರ ಅರ್ಧ ಕೀಗಳು ಒತ್ತಿದರೆ ಏಳುವುದಿಲ್ಲ, ಉಳಿದರ್ಧ ಒತ್ತದೆಯೂ ಒತ್ತಿಕೊಳ್ಳುತ್ತವೆ. ಎಲ್ಲಕ್ಕಿಂತ ದೊಡ್ಡ ಸಂಕಟ ಸೆಮಿಕೋಲನ್ನಿನದು. ಮೇಲೊಂದು ಚುಕ್ಕೆ, ಕೆಳಗೊಂದು ಬಾಲ ಇರುವ ಆ ಗುರುತು ಅವಳು ಬರೆಯುವ ಪ್ರೋಗ್ರಾಮಿನಲ್ಲಿ ಹೆಚ್ಚುಕಡಿಮೆ ಪ್ರತಿ ಸಾಲಿನ ಕೊನೆಗೂ ಬೇಕು. ಒಂದು ಕಡೆ ತಪ್ಪಿದರೂ ಇಡೀ ಪ್ರೋಗ್ರಾಮು ಮುಷ್ಕರ ಹೂಡುತ್ತದೆ. ಆ ಕೀ ಎಂಟು ತಿಂಗಳ ಹಿಂದೆಯೇ ಕಿತ್ತು ಹೋಗಿತ್ತು. ಅಲ್ಲಿಂದ ಶಿವಲೀಲಾ ಹಳೆಯ ಪ್ರೋಗ್ರಾಮಿನಿಂದ ಒಂದು ಸೆಮಿಕೋಲನ್ ನಕಲು ಮಾಡಿಕೊಂಡು, ಬೇಕಾದಾಗಲೆಲ್ಲ ಅದನ್ನೇ ತಂದು ಅಂಟಿಸುತ್ತ ಕೆಲಸ ಸಾಗಿಸಿದ್ದಳು.

ಹೀಗಿರುವಾಗ ಗಂಗಾವತಿಯಿಂದ ಫೋನು ಬಂತು. ಅಕ್ಕಿ ಗಿರಣಿಗಳಿಗೆ ಬೇಕಾದ ಪ್ರೋಗ್ರಾಮು ಬರೆದುಕೊಡುವ ಸಣ್ಣದೊಂದು ಆಫೀಸಿನದು. ಸೋಮವಾರ ಬಂದು, ತನ್ನದೇ ಲ್ಯಾಪ್‌ಟಾಪಿನಲ್ಲಿ, ಅವರೆದುರು ಎರಡು ತಾಸು ಕುಳಿತು ಕೆಲಸ ಮಾಡಿ ತೋರಿಸಬೇಕು. ಸರಿ ಕಂಡರೆ ನೌಕರಿ. ಶಿವಲೀಲಾ ಎರಡು ವರ್ಷದಿಂದ ಕಾಯುತ್ತಿದ್ದ ಕೆಲಸ ಅದು. ಫೋನಿಟ್ಟವಳು ಹಳೆಯ ಲ್ಯಾಪ್‌ಟಾಪಿನ ಮುಂದೆ ಸುಮ್ಮನೆ ಕುಳಿತುಬಿಟ್ಟಳು. ಎರಡು ತಾಸಿನಲ್ಲಿ ಒಂದು ತಾಸು ಸೆಮಿಕೋಲನ್ ಅಂಟಿಸುವುದರಲ್ಲೇ ಹೋಗುವುದು ಖಾತ್ರಿಯಿತ್ತು.

"ಹೊಸಾದು ತರೂಣು" ಎಂದರು ದೇವೇಂದ್ರಪ್ಪನವರು. "ನಾನ ಹೋಗಿ ಆರಿಸಿ ತರ್ತೀನಿ."

"ಅಪ್ಪಾ, ನಿನಗ ಲ್ಯಾಪ್‌ಟಾಪ್ ಬಗ್ಗೆ ಏನ್ ಗೊತ್ತು?"

"ಎತ್ತಿನ ಬಗ್ಗೆ ಎಲ್ಲಾ ಗೊತ್ತೈತಿ."

ಶಿವಲೀಲಾಗೆ ಶುಕ್ರವಾರ ಶಾಲೆಯಲ್ಲಿ ಮಕ್ಕಳ ಪರೀಕ್ಷೆ, ಬಿಟ್ಟು ಹೋಗುವಂತಿರಲಿಲ್ಲ. ಕೊಪ್ಪಳದಲ್ಲಿ ಅಂಗಡಿ ಇಟ್ಟಿದ್ದ ಮುಷರಫನಿಗೆ ಫೋನು ಮಾಡಿ ತನಗೆ ಬೇಕಾದ್ದನ್ನು ಹೇಳಿದಳು. ಮುಷರಫ ದೇವೇಂದ್ರಪ್ಪನವರ ಹಳೆಯ ದೋಸ್ತ ಜಿಲಾನಿ ಸಾಹೇಬರ ಮಗ. ಮೂರು ಲ್ಯಾಪ್‌ಟಾಪು ತೆಗೆದಿಡುತ್ತೇನೆಂದ.

"ಉಳಿದದ್ದೆಲ್ಲ ಮುಷರಫಣ್ಣಾಗ ಗೊತ್ತೈತಿ ಅಪ್ಪಾ. ಮೂರೂ ಸಣ್ಣವ ಅದಾವ. ಗಂಗಾವತಿ ಕೆಲಸ ಅಂದ್ರ ಗಿರಣಿಯಿಂದ ಗಿರಣಿಗೆ ಅಡ್ಡಾಡೂದು. ಅಕ್ಕಿ ಚೀಲದ ಮ್ಯಾಲ ಲ್ಯಾಪ್‌ಟಾಪ್ ಇಟಗೊಂಡು ನಿಂತ ಬರೀಬೇಕು. ದೊಡ್ಡ ಕೀಬೋರ್ಡ್ ಬ್ಯಾರೆ ಹೊತಗೊಂಡು ಹೋಗಾಕ ಆಗೂದಿಲ್ಲ. ಅದಕ್ಕ ನೀ ಕೀಬೋರ್ಡ್ ಒಂದ ನೋಡು."

"ಛಲೋ ಕೀಬೋರ್ಡ್ ಅಂದ್ರ ಹೆಂಗಿರಬೇಕು?"

"ಒತ್ತಿದ್ರ ಒಂದೀಟು ಕೆಳಗ ಹೋಗಬೇಕು. ಬಿಟ್ಟ ಕೂಡ್ಲೆ ಎದ್ದು ಬರಬೇಕು. ಅಳ್ಳಾಡಬಾರದು, ನಡುವ ತಗ್ಗು ಬೀಳಬಾರದು. ಬಾಣದ ಗುರುತಿನ ನಾಕು ಕೀ ಇರ್ತಾವಲ್ಲ, ಸಣ್ಣ ಲ್ಯಾಪ್‌ಟಾಪ್‌ನ್ಯಾಗ ಅವನ್ನ ಉಗುರಿನಷ್ಟು ಮಾಡಿ ಮೂಲಿಗೆ ತುರುಕಿರ್ತಾರ..."

"ಬಾಯಿಲೆ ಹೇಳಬ್ಯಾಡ, ನನಗ ತಿಳಿಯೂದಿಲ್ಲ. ಕೈ ಕೊಡು."

ದೇವೇಂದ್ರಪ್ಪನವರು ಅಂಗೈ ಚಾಚಿ, ಮಗಳ ಕೈಯನ್ನು ಅದರ ಮೇಲಿಟ್ಟುಕೊಂಡು, ಮೇಲೆ ವಲ್ಲಿ ಹೊದಿಸಿ ಕಣ್ಣು ಮುಚ್ಚಿದರು. ಶಿವಲೀಲಾಗೆ ನಗು ತಡೆಯಲಾಗಲಿಲ್ಲ. ಆದರೂ ಅಪ್ಪನ ಒರಟು ಅಂಗೈ ಮೇಲೆ ಬೆರಳಾಡಿಸಿದಳು. ಹೀಗೆ ಒತ್ತುತ್ತೇನೆ, ಇಷ್ಟು ಇಳಿಯಬೇಕು, ಹೀಗೆ ಏಳಬೇಕು. ಮಗಳ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದ ಕಾಲ ಮುಗಿದ ಮೇಲೆ ಆ ಕೈ ಅವರ ಕೈಗೆ ಸಿಕ್ಕಿದ್ದು ಅದೇ ಮೊದಲು. ಇನ್ನೂ ಸ್ವಲ್ಪ ಹೊತ್ತು ತಿಳಿಯದವರಂತೆ ನಟಿಸಿ, "ಹ್ಞೂಂ, ತಿಳೀತು" ಎಂದರು.

ಶುಕ್ರವಾರ ಕೊಪ್ಪಳದ ಅಂಗಡಿಯಲ್ಲಿ ಮುಷರಫ ಮೂರು ಲ್ಯಾಪ್‌ಟಾಪುಗಳನ್ನು ಸಾಲಾಗಿ ತೆರೆದಿಟ್ಟ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಓದಿ ಬಂದ ಹುಡುಗ, ತಂದೆಯ ಹಿಂದೆ ದನದ ಸಂತೆಗೆ ಒಂದು ದಿನವೂ ಹೋದವನಲ್ಲ. ಈ ಸಂಗತಿ ಮುಂದೆ ದುಬಾರಿಯಾಗುತ್ತದೆ. ಅಂಗಡಿಯಲ್ಲಿ ಆಗ ಕುಕನೂರಿನ ಕಾಲೇಜಿನಲ್ಲಿ ಪಾಠ ಹೇಳುವ ಪಂಪಾಪತಿ ಸರ್ ಕೂಡ ಇದ್ದರು. ತಮ್ಮ ಲ್ಯಾಪ್‌ಟಾಪಿಗೆ ಹೊಸ ಚೀಲ ಕೊಳ್ಳಲು ಬಂದಿದ್ದವರು, ದೇವೇಂದ್ರಪ್ಪನವರು ವಲ್ಲಿ ಬಿಚ್ಚಿ ಮೊದಲನೆಯ ಲ್ಯಾಪ್‌ಟಾಪಿನ ಮೇಲೆ ಹೊದಿಸಿದ್ದನ್ನು ನೋಡಿ ಫೋನು ತೆಗೆದು ವಿಡಿಯೋ ಹಿಡಿಯತೊಡಗಿದರು.

"ಕಾಕಾ, ಇದೇನ್ ಮಾಡಾಕತ್ತೀರಿ?" ಎಂದ ಮುಷರಫ.

"ಸುಮ್ಕಿರೋ. ಕೈಗಿ ಗೊತ್ತಾಗಬೇಕಂದ್ರ ಕಣ್ಣು ನಡುವ ಬಾಯಿ ಹಾಕಬಾರದು."

ಮೊದಲನೆಯದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದರ ಕೀಗಳು ಒತ್ತಿದರೂ ಒಂದೇ, ಬಿಟ್ಟರೂ ಒಂದೇ, ಹಲಗೆ ಮೇಲೆ ಬೆರಳು ಬಡಿದ ಹಾಗಿತ್ತು. "ಭಾಳ ಚಂದ ಐತಿ. ಯಾರಾದ್ರೂ ದೊಡ್ಡ ಸಾಹೇಬ್ರಿಗಿ ಕೊಡು" ಎಂದು ಹೊಗಳಿದರು. ಎರಡನೆಯದರ ಕೀಗಳು ಮೆತ್ತಗಿದ್ದವು. ಆದರೆ ಮೇಲಿನ ಮೂಲೆಯ ಕೀ ಒತ್ತಿದ್ದೇ ತಡ, ಪರದೆಯೇ ಕಪ್ಪಾಗಿ ಇಡೀ ಲ್ಯಾಪ್‌ಟಾಪು ಆರಿಹೋಯಿತು. ಅಳಿಸುವ ಕೀಗೆ ತಗುಲಿಸಿಯೇ ಆರಿಸುವ ಬಟನ್ನನ್ನೂ ಇಟ್ಟಿದ್ದರು. ದೇವೇಂದ್ರಪ್ಪನವರು ತಟ್ಟನೆ ಕೈ ಹಿಂದೆಗೆದರು. "ಇದು ಒದೀತೈತಿ. ಆದ್ರೂ ಛಲೋ ಐತಿ ಬಿಡು, ಭಾಳ ಛಲೋ ಐತಿ."

ಮೂರನೆಯದು ಕಪ್ಪಗೆ, ಸಣ್ಣಗೆ, ಯಾವ ಥಳಕೂ ಇಲ್ಲದ್ದು. ವಲ್ಲಿಯಡಿಯಲ್ಲಿ ಕೈಯಿಟ್ಟು ನಾಲ್ಕು ಕೀ ಒತ್ತಿದರು. ಶಿವಲೀಲಾ ಹೇಳಿದಷ್ಟೇ ಇಳಿಯಿತು, ಶಿವಲೀಲಾ ತೋರಿಸಿದ ಹಾಗೆಯೇ ಎದ್ದಿತು. ಬಾಣದ ಕೀಗಳು ಕಿರುಬೆರಳಿಗೆ ತಾವಾಗಿಯೇ ಸಿಕ್ಕವು. ನಡುವೆ ಒತ್ತಿದರೆ ಕಲ್ಲಿನಂತೆ ಗಟ್ಟಿ. ಇದೇ, ಬೇರೆ ಪ್ರಶ್ನೆಯೇ ಇಲ್ಲ. ಕೂಡಲೇ ವಲ್ಲಿ ಕಿತ್ತು ಹೆಗಲಿಗೆಸೆದು ಬಾಯಿ ತೆರೆದರು.

"ಏ ಮುಷರಫಾ, ಇದೇನ್ ಲ್ಯಾಪ್‌ಟಾಪೋ, ಹಂಚಿನ ಚೂರೋ? ಬಣ್ಣ ನೋಡು, ಒಲಿಯಾಗಿಂದ ತಗದಂಗ ಐತಿ. ಕೀ ನೋಡು, ಮುದುಕರ ಹಲ್ಲು. ಒಂದಕ್ಕೊಂದು ಮಾತಾಡೂದಿಲ್ಲ. ಒತ್ತಿದ್ರ ಟಕ್ ಅಂತೈತಿ, ಮಲಗಿದ ಮಕ್ಕಳು ಎದ್ದಾವು. ಅಂಚು ಚೂಪು, ಕೈ ಕೊಯ್ದೀತು. ಮುಚ್ಚಳ ಬಿಗಿ, ತಗ್ಯಾಕ ಇಬ್ಬರು ಬೇಕು. ಬೆಳಕು ಕಡಿಮಿ. ಹಿಡಿದ್ರ ಭಾರ, ಇಟ್ರ ಹಗುರ..."

ಒಟ್ಟು ಹನ್ನೊಂದು. ಅವರ ಜೀವಮಾನದಲ್ಲೇ ಇಷ್ಟು ಎತ್ತಿರಲಿಲ್ಲ. ಸಂತೆಯಲ್ಲಾಗಿದ್ದರೆ ಮಾರುವವನು ಖುಷಿಯಿಂದ ಕುಣಿದಾಡುತ್ತಿದ್ದ. ಮುಷರಫನ ಮುಖ ಮಾತ್ರ ಇಳಿಯುತ್ತ ಹೋಯಿತು. ಪಂಪಾಪತಿ ಸರ್ ಮುಖ ಅದಕ್ಕಿಂತಲೂ ಇಳಿಯಿತು, ಏಕೆಂದರೆ ಅವರ ಚೀಲದಲ್ಲಿದ್ದದ್ದು ಅದೇ ಲ್ಯಾಪ್‌ಟಾಪು. ಆದರೂ ಫೋನು ಕೆಳಗಿಳಿಸಲಿಲ್ಲ.

"ಕಾಕಾ, ಇದು ಶಿವಲೀಲಾಗ ಅಲ್ಲೇನ್ರಿ?" ಎಂದ ಮುಷರಫ ಮೆಲ್ಲಗೆ.

ಮಗಳ ಹೆಸರು ನಾಲ್ಕು ಜನರ ನಡುವೆ ಬಂದರೆ ದೇವೇಂದ್ರಪ್ಪನವರಿಗೆ ಯಾವಾಗಲೂ ದೃಷ್ಟಿಯ ಭಯ. "ಹೌದು. ಅಕಿಗೂ ಏನೂ ಬರೂದಿಲ್ಲ, ಇದಕ್ಕೂ ಏನೂ ಬರೂದಿಲ್ಲ. ಜೋಡಿ ಸರಿ ಆಗ್ತೈತಿ. ಆದ್ರ ನನಗ ಬ್ಯಾಡ!" ಎಂದು ವಲ್ಲಿ ಝಾಡಿಸಿ ಹೊರಟೇಬಿಟ್ಟರು.

ಸಂತೆಯ ರಿವಾಜಿನ ಪ್ರಕಾರ, ಹೀಗೆ ಹೊರಟವನನ್ನು ಹತ್ತು ಹೆಜ್ಜೆಯೊಳಗೆ ಕೂಗಿ ಕರೆಯಬೇಕು. ದೇವೇಂದ್ರಪ್ಪನವರು ಹತ್ತು ಹೆಜ್ಜೆಯನ್ನು ಐದು ನಿಮಿಷ ನಡೆದರು. ಯಾರೂ ಕೂಗಲಿಲ್ಲ. ಚಪ್ಪಲಿಯ ಬಾರು ಸರಿಮಾಡುವಂತೆ ಬಗ್ಗಿ ಹಿಂದೆ ನೋಡಿದರು. ಎದುರಿನ ಅಂಗಡಿಯಲ್ಲಿ ಬಾಳೆಹಣ್ಣಿನ ದರ ಕೇಳಿದರು. ಹಾಗೂ ಹೀಗೂ ಬಸ್ ಸ್ಟ್ಯಾಂಡು ಮುಟ್ಟಿ, ಮುಷರಫ ಓಡಿ ಬಂದರೆ ಕಾಣಲೆಂದು ಬಾಗಿಲ ಬಳಿಯೇ ಕುಳಿತರು. ಕುಕನೂರಿನ ಮೂರು ಬಸ್ಸು ಬಂದು ಹೋದವು. ನಾಲ್ಕನೆಯದಕ್ಕೆ ಹತ್ತಿ ಬರಿಗೈಯಲ್ಲಿ ಮನೆಗೆ ಬಂದರು.

"ಯಾಕ ಅಪ್ಪಾ, ತರಲಿಲ್ಲ?"

"ಬೇಯಾಕ ಬಿಟ್ಟು ಬಂದೀನಿ. ಕರೀತಾನ."

"ಅದು ಅಂಗಡಿ ಅಪ್ಪಾ. ಅಲ್ಲಿ ಯಾರೂ ಯಾರ್ನೂ ಕರಿಯೂದಿಲ್ಲ."

ದೇವೇಂದ್ರಪ್ಪನವರಿಗೆ ಈ ಮಾತು ಬಹಳ ವಿಚಿತ್ರವಾಗಿ ಕಂಡಿತು. ಕರೆಯದಿದ್ದರೆ ವ್ಯಾಪಾರ ಹೇಗೆ ನಡೆಯುತ್ತದೆ?

ಮರುದಿನ ಶನಿವಾರ ಬೆಳಗಾಗುವುದರೊಳಗೆ ವಿಡಿಯೋ ಕುಕನೂರಿನ ಪ್ರತಿ ಫೋನಿಗೂ ಬಂದು, ಯಲಬುರ್ಗಾ ದಾಟಿ, ಕುಷ್ಟಗಿಗೆ ಹೋಗಿ, ಗಂಗಾವತಿಯನ್ನೂ ಮುಟ್ಟಿತ್ತು. 'ಬೆರಳಿನಿಂದ ಲ್ಯಾಪ್‌ಟಾಪ್ ಪರೀಕ್ಷೆ ಮಾಡುವ ಅಜ್ಜ' ಎಂದು ಯಾರೋ ಹೆಸರು ಕೊಟ್ಟಿದ್ದರು. ಅಜ್ಜ ಎಂದದ್ದಕ್ಕೆ ದೇವೇಂದ್ರಪ್ಪನವರಿಗೆ ಸಿಟ್ಟು ಬಂದಿತಾದರೂ ಸಿಟ್ಟು ಮಾಡಿಕೊಳ್ಳಲು ಪುರಸೊತ್ತು ಸಿಗಲಿಲ್ಲ. ಏಳೂವರೆಗೆ ಗೊಬ್ಬರದ ಅಂಗಡಿಯವರು ತಮ್ಮ ಲ್ಯಾಪ್‌ಟಾಪು ತಂದು ಕಟ್ಟೆಯ ಮೇಲಿಟ್ಟು, "ಒಂದೀಟು ಕೈ ಹಾಕಿ ನೋಡ್ರಿ" ಎಂದರು. ಅಂಚೆ ಕಚೇರಿಯವರು ಬಂದರು. ಲ್ಯಾಪ್‌ಟಾಪು ಇಲ್ಲದ ಎದುರುಮನೆಯ ಹನುಮಂತಮ್ಮ ಟಿವಿಯ ರಿಮೋಟು ತಂದರು. ಕಳಕಮ್ಮನವರು ಆರನೆಯ ಸಲ ಚಹಾಕ್ಕೆ ನೀರಿಟ್ಟು, "ಇನ್ನೊಬ್ಬರು ಬಂದ್ರ ಚಹಾಪುಡಿ ಬದ್ಲಿ ನಿಮ್ಮನ್ನ ಹಾಕ್ತೀನಿ" ಎಂದು ಗಂಡನಿಗೆ ತಿಳಿಸಿದರು.

ಆಗ ಬಂದರು ಪಂಪಾಪತಿ ಸರ್. ಲ್ಯಾಪ್‌ಟಾಪು ಎದೆಗವಚಿಕೊಂಡಿದ್ದರು.

"ಎರಡು ವರ್ಷದಿಂದ ಇದರ ಮ್ಯಾಲ ಪಾಠ ತಯಾರ ಮಾಡೀನ್ರಿ! ಈಗ ನನ್ನ ಹುಡುಗರು 'ಸರ್, ಮುದುಕರ ಹಲ್ಲು ಹೆಂಗದಾವ್ರಿ' ಅಂತ ಕೇಳಾಕತ್ಯಾರ. ನಿಮಗೇನ್ ಅನ್ಯಾಯ ಮಾಡಿತ್ರಿ ಇದು?"

"ಸರ್, ವಿಡಿಯೋ ಹಾಕಿದೋರು ನೀವ ಅಲ್ಲೇನ್ರಿ?"

"ಹಾಕಿದ ಮ್ಯಾಲ ನೆನಪಾತ್ರಿ, ನನ್ನ ಹುಡುಗರೂ ನೋಡ್ತಾರ ಅಂತ!"

ಈ ಗದ್ದಲದ ನಡುವೆಯೇ ಮುಷರಫನ ಫೋನು ಬಂತು. "ಕಾಕಾ, ನೀವು ಹೇಳಿದ್ದು ವಿಚಾರ ಮಾಡಿದೆ. ಅಷ್ಟು ತಪ್ಪಿರೋ ಮಾಲು ನನ್ನ ಅಂಗಡ್ಯಾಗ ಇರಬಾರದು. ಇದ್ದದ್ದು ಅದೊಂದ ಪೀಸ್. ಇವತ್ತ ಸಂಜೀಮುಂದ ಪಾರ್ಸಲ್‌ಗೆ ಹುಬ್ಬಳ್ಳಿಗೆ ವಾಪಸ್ ಹಾಕ್ತೀನ್ರಿ. ನಿಮಗ ಬ್ಯಾರೆ ತರಸ್ತೀನಿ, ಎಂಟು ದಿನ ಆಗ್ತೈತಿ."

ದೇವೇಂದ್ರಪ್ಪನವರು ಕಟ್ಟೆಯ ಮೇಲೆ ಕುಸಿದರು. ಎಂಟು ದಿನ! ಸೋಮವಾರಕ್ಕೆ ಉಳಿದಿರುವುದು ಎರಡೇ ದಿನ.

ಶಿವಲೀಲಾ ಮೂಲೆಯಲ್ಲಿ ನಿಂತು ವಿಡಿಯೋ ನೋಡುತ್ತಿದ್ದಳು. ಬೆರಳು ಮಡಚುತ್ತ ಎಣಿಸುತ್ತಿದ್ದಳು. ಎಣಿಸಿ ಮುಗಿದ ಮೇಲೆ ಅಪ್ಪನ ಬಳಿ ಬಂದು ಕುಳಿತಳು.

"ಹನ್ನೊಂದು ತಪ್ಪು ತಗದೀ ಅಪ್ಪಾ. ಅವ್ವಗ ಮೂರ ತಗದಿದ್ದಿ. ಅಷ್ಟು ಛಲೋ ಐತೇನು?"

ದೇವೇಂದ್ರಪ್ಪನವರು ಸುತ್ತ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಲೆಯನ್ನು ಒಂದೇ ಒಂದು ಸಲ ಆಡಿಸಿದರು.

ಶಿವಲೀಲಾ ನಕ್ಕಳು. ಅಷ್ಟರಲ್ಲಿ ವಿಡಿಯೋದ ಕೊನೆ ಬಂತು. "ಅಕಿಗೂ ಏನೂ ಬರೂದಿಲ್ಲ, ಇದಕ್ಕೂ ಏನೂ ಬರೂದಿಲ್ಲ." ಅಂಚೆ ಕಚೇರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿವಲೀಲಾ ಫೋನು ಆರಿಸಿ ಎದ್ದು ಒಳಗೆ ಹೋದಳು. ಅಪ್ಪನ ಬಾಯಿಯ ಭಾಷೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಇಪ್ಪತ್ತಮೂರು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ನೇರವಾಗಿ ಕೇಳಬೇಕೆಂದು ಯಾರಿಗೆ ಆಸೆ ಇರುವುದಿಲ್ಲ? ಅಂದು ಮಧ್ಯಾಹ್ನ ಅವಳು ಒಂದೇ ರೊಟ್ಟಿಗೆ ಕೈ ತೊಳೆದಳು. ದೇವೇಂದ್ರಪ್ಪನವರು ಅದನ್ನು ನೋಡಿ, "ರೊಟ್ಟಿ ದಪ್ಪ ಆಗ್ಯಾವು" ಎಂದು ಕಳಕಮ್ಮನವರ ಮೇಲೆ ಹಾಕಿದರು.

ಸಂಜೆಯ ಹೊತ್ತಿಗೆ ಅಪ್ಪ ಮಗಳು ಕೊಪ್ಪಳ ಮುಟ್ಟಿದಾಗ ಲ್ಯಾಪ್‌ಟಾಪು ಆಗಲೇ ರಟ್ಟಿನ ಪೆಟ್ಟಿಗೆ ಸೇರಿ, ಮೇಲೆ ಟೇಪು ಸುತ್ತಿಸಿಕೊಂಡಿತ್ತು. 

"ಕೊಡೂದಿಲ್ರಿ ಕಾಕಾ" ಎಂದ ಮುಷರಫ. "ಇಡೀ ಜಿಲ್ಲಾದ ಮುಂದ ನೀವು ಅದನ್ನ ಕೆಟ್ಟದ್ದು ಅಂದ್ರಿ. ಈಗ ನಿಮ್ಮ ಮಗಳಿಗ ಅದನ್ನ ಕೊಟ್ರ, ಮಂದಿ ನನಗೇನ್ ಅಂತಾರ? ನನ್ನ ಅಂಗಡಿ ಇಜ್ಜತ್ ಪ್ರಶ್ನಿ. ಅದು ಛಲೋ ಐತಿ ಅಂತ ನೀವ ಬಾಯಿಬಿಟ್ಟು ಹೇಳ್ರಿ, ನಾ ವಿಡಿಯೋ ಹಿಡೀತೀನಿ, ಆಮ್ಯಾಲ ಕೊಡ್ತೀನಿ."

ದೇವೇಂದ್ರಪ್ಪನವರು ಗಂಟಲು ಸರಿಮಾಡಿಕೊಂಡರು. ಮುಷರಫ ಫೋನು ಎತ್ತಿ ಹಿಡಿದ.

"ಇದು... ಅಷ್ಟೇನ್ ಕೆಟ್ಟಿಲ್ಲ."

"ಸಾಲೂದಿಲ್ರಿ."

"ಇದು... ಇರ್ಲಿ ಬಿಡು, ನಡೀತೈತಿ."

"ಕಾಕಾ!"

ನಲವತ್ತು ವರ್ಷ ಬೇಕಾದ್ದನ್ನು ಹೊಗಳದ ನಾಲಿಗೆ, ಎಷ್ಟು ದೂಡಿದರೂ ಮುಂದೆ ಬರಲಿಲ್ಲ. ಶಿವಲೀಲಾ ಗೋಡೆಯ ಗಡಿಯಾರ ನೋಡುತ್ತಿದ್ದಳು. ಪಾರ್ಸಲ್ಲಿನವನು ಬಂದು ಬಾಗಿಲಲ್ಲಿ ನಿಂತಿದ್ದ.

ಒಳಕೋಣೆಯಿಂದ ಊರುಗೋಲಿನ ಸದ್ದಾಯಿತು. ಮುಷರಫನ ತಂದೆ ಜಿಲಾನಿ ಸಾಹೇಬರು, ನಮಾಜು ಮುಗಿಸಿ ಹೊರಗೆ ಬಂದವರು, ಮಗನ ಫೋನಿನಲ್ಲಿ ವಿಡಿಯೋವನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ನೋಡಿ, ಮಗನ ಕಡೆ ತಿರುಗಿದರು.

"ಹನ್ನೊಂದು ತಪ್ಪು ತಗದಾನ ದೇವೇಂದ್ರಪ್ಪ. ಹನ್ನೊಂದು! ನನ್ನ ಜೋಡಿ ಎತ್ತಿಗೆ ಏಳು ತಗದಿದ್ದ, ಅವು ಹನ್ನೆರಡು ವರ್ಷ ಹೊಲದಾಗ ಗಳೇ ಹೊಡದ್ವು. ಇಂವ ಎದ್ದು ಹೊಂಟಾಗ ನೀ ಕರೀಲಿಲ್ಲೇನು?"

"ಇಲ್ರಿ ಅಬ್ಬಾ. ಬ್ಯಾಡ ಅಂದು ಹೋದ್ರು..."

"ಎಲ್ಲಿ ತನಕ ಹೋಗಿದ್ದೆ ದೇವೇಂದ್ರಪ್ಪ?"

"ಬಸ್ ಸ್ಟ್ಯಾಂಡ್ ತನಕ" ಎಂದರು ದೇವೇಂದ್ರಪ್ಪನವರು. ಧ್ವನಿ ಸಣ್ಣದಾಗಿತ್ತು.

"ತೌಬಾ!" ಜಿಲಾನಿ ಸಾಹೇಬರು ಹಣೆ ಬಡಿದುಕೊಂಡರು. "ದೊಡ್ಡ ಮನಷ್ಯಾನ್ನ ಬಸ್ ಸ್ಟ್ಯಾಂಡ್ ತನಕ ನಡಸಿದ್ಯಲ್ಲೋ! ಟೇಪ್ ಬಿಚ್ಚು ಮೊದಲ."

ಟೇಪು ಬಿಚ್ಚಿತು. ಶಿವಲೀಲಾ ನಿಂತಲ್ಲೇ ಲ್ಯಾಪ್‌ಟಾಪು ತೆರೆದು ಹತ್ತು ಸಾಲು ಬರೆದಳು. ಹತ್ತೂ ಸಾಲಿನ ಕೊನೆಗೆ ಕಿರುಬೆರಳಿನಿಂದ ಸೆಮಿಕೋಲನ್ ಒತ್ತಿದಳು. ಹತ್ತೂ ಸಲ ಅದು ಬಂತು. ಒಂದು ಸಲ ಬೇಡದಿದ್ದರೂ ಒತ್ತಿ ನೋಡಿದಳು, ಆಗಲೂ ಬಂತು. ಆ ಮುಖ ನೋಡಿ ಪಾರ್ಸಲ್ಲಿನವನೂ ನಕ್ಕುಬಿಟ್ಟ.

ಸೋಮವಾರ ಅಪ್ಪ ಮಗಳು ಮೊದಲನೆಯ ಬಸ್ಸಿಗೆ ಗಂಗಾವತಿಗೆ ಹೋದರು. ಆಫೀಸು ಒಂದು ಅಕ್ಕಿ ಗಿರಣಿಯ ಮಹಡಿಯ ಮೇಲಿತ್ತು. ಆಫೀಸಿನ ಒಡತಿ ಮಲ್ಲೇಶ್ವರಿ ಮೇಡಂ, ಐವತ್ತರ ಹತ್ತಿರದವರು, ಶಿವಲೀಲಾಳನ್ನು ಒಳಗೆ ಕರೆದೊಯ್ದು ಕೂಡಿಸಿ, ದೇವೇಂದ್ರಪ್ಪನವರಿಗೆ ಹೊರಗೆ ಬೆಂಚು ತೋರಿಸಿದರು. ಬಾಗಿಲು ಅರ್ಧ ತೆರೆದಿತ್ತು. ಕೀಗಳ ಸದ್ದು ಹೊರಗೆ ಕೇಳುತ್ತಿತ್ತು. ದೇವೇಂದ್ರಪ್ಪನವರು ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಮಗಳು ಪಟಪಟನೆ ಬರೆದರೆ ಹಿಗ್ಗುತ್ತ, ನಿಲ್ಲಿಸಿದರೆ ಉಸಿರು ಬಿಗಿ ಹಿಡಿಯುತ್ತ, ಎರಡು ತಾಸು ಅಲ್ಲಾಡದೆ ಕುಳಿತರು. ಕೆಳಗಿನಿಂದ ಚಹಾ ಬಂತು. ಆರಿಹೋಯಿತು.

ಕೊನೆಗೆ ಮೇಡಂ ಹೊರಗೆ ಬಂದು ಎದುರಿನ ಕುರ್ಚಿಯಲ್ಲಿ ಕುಳಿತರು. ಒಳಗೆ ಶಿವಲೀಲಾ ಇನ್ನೂ ಏನೋ ಬರೆಯುತ್ತಿದ್ದಳು.

"ಹಿರಿಯಾರ, ವಿಡಿಯೋದಾಗ ಇದ್ದೋರು ನೀವ ಅಲ್ರಿ?"

ದೇವೇಂದ್ರಪ್ಪನವರು ಹೆಗಲ ವಲ್ಲಿ ಸರಿಮಾಡಿಕೊಂಡರು. "ಹೌದ್ರಿ."

"ಮಗಳಿಗೆ ಏನೂ ಬರೂದಿಲ್ಲ ಅಂದ್ರಿ ಅದರಾಗ. ಹೆತ್ತ ತಂದಿನ ಹಂಗಂದ್ರ ನಾವೇನ್ ತಿಳಕೋಬೇಕು? ನನಗೂ ಹಂಗ ಅನಸ್ತು ನೋಡ್ರಿ. ಹುಡುಗಿ ಭಾಳ ನಿಧಾನ. ಒಂದು ಮಾತು ಕೇಳಿದ್ರ ನಾಕು ಸಲ ವಿಚಾರ ಮಾಡ್ತಾಳ. ಬಾಯಿ ಇಲ್ಲ. ಗಿರಣಿಯೋರ ಜೋಡಿ ಗಟ್ಟಿ ಮಾತಾಡಬೇಕಾಗ್ತೈತಿ, ಅದು ಅಕಿ ಕೈಲೆ ಆಗೂದಿಲ್ಲ ಅನಸ್ತೈತಿ. ಮೈಯಾಗ ಶಕ್ತಿನೂ ಇದ್ದಂಗ ಕಾಣೂದಿಲ್ಲ."

ನಾಲ್ಕು ತಪ್ಪು! ನಲವತ್ತು ವರ್ಷದ ಅನುಭವದ ದಲ್ಲಾಳಿ ಇಲ್ಲಿ ಮೀಸೆಯಡಿಯಲ್ಲಿ ನಕ್ಕು ಹಾಯಾಗಿ ಕೂರಬೇಕಿತ್ತು. ಸಂತೆಯ ಕೂಸೂ ಇದನ್ನು ಅರ್ಥ ಮಾಡಿಕೊಳ್ಳುತ್ತಿತ್ತು. ಆದರೆ ನಮ್ಮ ದೇವೇಂದ್ರಪ್ಪನವರಿಗೆ ಆ ಗಳಿಗೆಯಲ್ಲಿ ಸಂತೆಯೂ ನೆನಪಿಲ್ಲ, ಎತ್ತೂ ನೆನಪಿಲ್ಲ. ಬೆಂಚಿನಿಂದ ಧಡಕ್ಕನೆ ಎದ್ದರು.

"ನಾ ಅನ್ನಬಹುದ್ರಿ ಮೇಡಮ್ಮೋರ! ನೀವು ಅನಬಾರದು!"

"ಅಯ್ಯ, ಕುಂದರ್ರಿ..."

"ಕುಂದ್ರೂದಿಲ್ರಿ! ನಿಧಾನ ಅಂದ್ರ್ಯಾ? ಎಂಟು ತಿಂಗಳು, ಆ ಬಾಲದ ಚುಕ್ಕಿ ಕೀ ಇಲ್ಲದ ಬರದಾಳ್ರಿ ನನ್ನ ಮಗಳು! ಸಾಲಿಗೊಂದು ಸಲ ಹೋಗಿ ಅದನ್ನ ಹೊತಗೊಂಡು ಬರೂದು, ಇಡೂದು. ಮತ್ತ ಹೋಗೂದು, ಮತ್ತ ಇಡೂದು. ನಾನಾಗಿದ್ರ ಆ ಡಬ್ಬಿ ಎತ್ತಿ ಬಾವಿಗೆ ಒಗೀತಿದ್ದೆ. ಅಕಿ ಒಂದ ದಿನ ಹೊಸಾದು ಕೊಡಸು ಅಂತ ಕೇಳಿಲ್ರಿ. ಒಂದ ದಿನ ಮಾರಿ ಸಣ್ಣದು ಮಾಡಿಲ್ಲ. ಬಾಯಿ ಇಲ್ಲ ಅಂದ್ರ್ಯಾ? ಸಾಲ್ಯಾಗ ನಲವತ್ತು ಹುಡುಗರು ಅಕಿ ಹುಬ್ಬು ಏರಿಸಿದ್ರ ಸುಮ್ಮನಾಗ್ತಾವು. ನನ್ನ ಮಾತು ನನ್ನ ಆಕಳ ಕೇಳೂದಿಲ್ಲ! ಶಕ್ತಿ ಅಂದ್ರಿ. ಅವರವ್ವ ಹಾಸಿಗಿ ಹಿಡದಾಗ ನೀರು, ಸೆಗಣಿ, ರೊಟ್ಟಿ ಎಲ್ಲಾ ಮಾಡಿ, ಪರೀಕ್ಷಾ ಬರದು, ಮೊದಲನೇ ನಂಬರ್ ತಂದಾಳ್ರಿ. ಪೇಪರ್ ಸರಳ ಇದ್ವು ಅಂತ ನಾ ಸುಳ್ಳು ಹೇಳಿದೆ. ಸರಳ ಇರಲಿಲ್ರಿ! ಭಾಳ ಬಿರಿ ಇದ್ವು! ನನ್ನ ಮಗಳಂಥಾಕಿ ಈ ಜಿಲ್ಲಾದಾಗ ಇಲ್ರಿ ಮೇಡಮ್ಮೋರ. ಬೇಕಾದ್ರ ತಗೋರಿ, ಬ್ಯಾಡಾದ್ರ ಬಿಡ್ರಿ, ಆದ್ರ ಅಕಿಗೆ ಹೆಸರಿಡಬ್ಯಾಡ್ರಿ!"

ಕೆಳಗೆ ಗಿರಣಿಯಲ್ಲಿ ಚೀಲ ಹೊರುತ್ತಿದ್ದವರು ನಿಂತು ಮೇಲೆ ನೋಡುತ್ತಿದ್ದರು. ದೇವೇಂದ್ರಪ್ಪನವರು ಉಸಿರಿಗಾಗಿ ನಿಂತಾಗ, ಒಳಗೆ ಕೀಗಳ ಸದ್ದು ಯಾವಾಗಲೋ ನಿಂತುಹೋಗಿದ್ದು ಅವರ ಗಮನಕ್ಕೆ ಬಂತು. ತಿರುಗಿ ನೋಡಿದರು. ಶಿವಲೀಲಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು, ಅದನ್ನು ಒರೆಸಿಕೊಳ್ಳುವುದಕ್ಕೂ ಅವಳಿಗೆ ತೋಚಿರಲಿಲ್ಲ.

ಮಲ್ಲೇಶ್ವರಿ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಕುಂದರ್ರಿ ಹಿರಿಯಾರ. ನಮ್ಮ ತವರುಮನಿ ಯಲಬುರ್ಗಾ. ನಮ್ಮಪ್ಪಾರೂ ಸಂತಿ ಮಾಡಿದೋರ. ಅಕಿ ಒಂದು ತಾಸಿನ್ಯಾಗ ಕೆಲಸ ಮುಗಿಸಿದ್ಲು, ಇನ್ನೊಂದು ಕೊಟ್ಟೆ, ಅದನ್ನೂ ಮಾಡಿದ್ಲು, ನೌಕರಿ ಪತ್ರಕ್ಕ ಸಹಿ ಮಾಡೇ ಹೊರಗ ಬಂದೀನಿ ನಾ."

ದೇವೇಂದ್ರಪ್ಪನವರು ಕುಳಿತರು.

"ಒಂದ ಮಾತು" ಎಂದರು ಮೇಡಂ, ಈಗ ನಗು ಬಿಟ್ಟು. "ಕೆಲಸ ಅಂದ ಮ್ಯಾಲ ಅಕಿ ಇಲ್ಲೇ ಇರಬೇಕಾಗ್ತೈತಿ. ಹುಡುಗ್ಯಾರ ಹಾಸ್ಟೆಲ್ ಐತಿ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರ್ತಾಳ. ಅದಕ್ಕ ಕೇಳಾಕತ್ತೀನಿ, ಅಕಿದು ಏನಾರ ಖರೇ ತಪ್ಪು ಇದ್ರ ಈಗ ಹೇಳಿಬಿಡ್ರಿ."

ದೇವೇಂದ್ರಪ್ಪನವರು ಮಗಳ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ.

"ಒಂದ ಐತ್ರಿ" ಎಂದರು ಕೊನೆಗೆ. "ಅಕಿ ಮನ್ಯಾಗ ಇಲ್ಲದ ದಿನ ನನಗ ರೊಟ್ಟಿ ಗಂಟಲಾಗ ಇಳಿಯೂದಿಲ್ಲ."

"ಅದು ಅಕಿ ತಪ್ಪಲ್ರಿ ಹಿರಿಯಾರ."

"ಹೌದ್ರಿ" ಎಂದರು ದೇವೇಂದ್ರಪ್ಪನವರು, ವಲ್ಲಿಯಿಂದ ಮುಖ ಒರೆಸಿಕೊಳ್ಳುತ್ತ. "ಅದು ನಂದ."